ಹುಳುಮನೆಗೆ ಹೋದ ಕರು

ಮೊದಲ ಹಸುವನ್ನು ನಾನು ಯಾವ ದಿನ ನೋಡಿದೆ ಎಂಬುದು ಪಶು ಆಸ್ಪತ್ರೆಯ ಚಿಕಿತ್ಸಾ ವಹಿಯಲ್ಲಿದೆ. ಅವತ್ತು ಅದರ ಮೈ ಹೇಗಿತ್ತು ಎಂಬುದು ನನ್ನ ತಲೆಯಲ್ಲಿ ಮಾತ್ರ ಇದೆ, ಆ ತಲೆಯನ್ನು ನಾನು ಅಷ್ಟಾಗಿ ನಂಬುವವನಲ್ಲ. ಹಾಗಾಗಿ ಇಲ್ಲಿ ಬರೆದಿಟ್ಟದ್ದು ಯಾವುದು, ನೆನಪಿನಿಂದ ಹೇಳುತ್ತಿರುವುದು ಯಾವುದು ಎಂದು ಆದಷ್ಟು ಬೇರೆ ಮಾಡುತ್ತೇನೆ.

ವಹಿಯಲ್ಲಿ ಇರುವುದು ಇಷ್ಟು: ಮಿಶ್ರತಳಿ ಹಸು, ನಾಲ್ಕು ವರ್ಷ, ಎರಡನೇ ಸೂಲು. ಹದಿನೈದು ದಿನದಿಂದ ಭೇದಿ. ಜ್ವರವಿಲ್ಲ. ಮೇವು ತಿನ್ನುತ್ತಿದೆ.

ಕೊನೆಯ ಎರಡು ಮಾತನ್ನು ಬರೆದ ಕೈಗೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಊರು ಮುಳಬಾಗಿಲು ತಾಲ್ಲೂಕಿನದು. ಡೈರಿಯ ಮೆಟ್ಟಿಲ ಮೇಲೆ ನಿಂತರೆ ಆವನಿ ಬೆಟ್ಟ ಕಾಣುತ್ತದೆ. ಹಸು ಒಬ್ಬ ಹೆಣ್ಣುಮಗಳದು. ಅವಳ ಗಂಡ ವೇಮಗಲ್ ಕಡೆ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಐದು ಹಸು, ಒಂದೆಕರೆ ಹಿಪ್ಪುನೇರಳೆ, ಒಂದು ರೇಷ್ಮೆ ಹುಳುಮನೆ, ಎಲ್ಲವೂ ಅವಳ ಕೈಯಲ್ಲೇ. ನಾನು ಅವಳನ್ನು ಅಕ್ಕಾ ಎನ್ನುತ್ತಿದ್ದೆ, ವಯಸ್ಸಿನಲ್ಲಿ ನನಗಿಂತ ಚಿಕ್ಕವಳಾದರೂ.

"ತಿನ್ನೋದಕ್ಕೇನೂ ಕಮ್ಮಿಯಿಲ್ಲ ಸಾರ್," ಎಂದಳು. "ಹುಲ್ಲು ಹಾಕ್ದಷ್ಟೂ ತಿಂತದೆ, ಹಿಂಡಿ ಬೂಸ ನೆಕ್ಕಿ ಬಕೆಟ್ಟು ತೊಳೆದಂಗೆ ಮಾಡ್ತದೆ. ತಿಂದಿದ್ದೆಲ್ಲ ಎಲ್ಲಿಗೋಗ್ತಾ ಇದೆ, ಏಮೋ!"

ಹೋಗುತ್ತಿದ್ದುದು ಗೋಡೆಗೆ. ಬಾಲ ಎತ್ತಿದರೆ ಪಿಚಕಾರಿಯ ಹಾಗೆ ಹಸಿರು ನೀರು ಹಿಂದಿನ ಗೋಡೆಗೆ ಹಾರುತ್ತಿತ್ತು. ಜಂತುನಾಶಕ ಕೊಟ್ಟೆ. ಸಲ್ಫಾ ಬೋಲಸ್ ಕೊಟ್ಟೆ. ಗ್ಲೂಕೋಸ್ ಏರಿಸಿದೆ. ನಾಲ್ಕು ದಿನ ಸಗಣಿ ಗಟ್ಟಿಯಾಯಿತು, ಐದನೆಯ ದಿನ ಮತ್ತೆ ನೀರು. ಅವಳು ದಾಳಿಂಬೆ ಸಿಪ್ಪೆಯ ಕಷಾಯ, ರಾಗಿ ಗಂಜಿ, ಬಿಲ್ವದ ಕಾಯಿ ತೇಯ್ದು ಕುಡಿಸಿದಳು. ಅವಳ ಔಷಧಿಗೂ ನನ್ನ ಔಷಧಿಗೂ ಫಲಿತಾಂಶ ಒಂದೇ. ಎರಡನೆಯ ತಿಂಗಳಿಗೆ ಹಸುವಿನ ಪಕ್ಕೆಲುಬು ಎಣಿಸುವ ಹಾಗಾಯಿತು. ದವಡೆಯ ಕೆಳಗೆ ನೀರು ತುಂಬಿದ ಚೀಲದಂತೆ ಊತ ಇಳಿಯಿತು. ಆಗಲೂ ಅದು ಗೊಂತಿಗೆ ಬಾಯಿ ಹಾಕಿ ತಿನ್ನುತ್ತಲೇ ಇತ್ತು. ಹೊಟ್ಟೆ ತುಂಬ ತಿನ್ನುತ್ತ ಉಪವಾಸ ಸಾಯುವ ಪ್ರಾಣಿಯನ್ನು ನೋಡುವುದು ಕಷ್ಟ.

ಜೋನ್ಸ್ ರೋಗ ಎಂಬ ಹೆಸರು ನನಗೆ ಹೊಳೆದದ್ದು ಆ ಊತ ನೋಡಿದ ಮೇಲೆ. ಕರುಳಿಗೆ ಬರುವ ಅಂಟುರೋಗ. ಕ್ಷಯದ ಸೂಕ್ಷ್ಮಾಣುವಿನ ದಾಯಾದಿಯೊಂದು ಕರುವಾಗಿದ್ದಾಗಲೇ ಹಾಲಿನಲ್ಲೋ ಸಗಣಿ ತಗುಲಿದ ಮೇವಿನಲ್ಲೋ ಹೊಟ್ಟೆಗೆ ಹೋಗುತ್ತದೆ. ಎರಡು, ಮೂರು, ನಾಲ್ಕು ವರ್ಷ ಸದ್ದಿಲ್ಲದೆ ಕೂರುತ್ತದೆ. ಭೇದಿ ಶುರುವಾಗುವ ಹೊತ್ತಿಗೆ ಕರುಳು ಹೀರುವುದನ್ನೇ ಮರೆತಿರುತ್ತದೆ. ಔಷಧಿಯಿಲ್ಲ. ಹಸು, ಎಮ್ಮೆ, ಕುರಿ, ಮೇಕೆ, ಮೆಲುಕು ಹಾಕುವ ಯಾವುದನ್ನೂ ಬಿಡುವುದಿಲ್ಲ.

ಆದರೆ ಹೊಳೆದ ಹೆಸರನ್ನು ಹಾಗೇ ನಂಬುವುದು ನನ್ನ ಜಾಯಮಾನವಲ್ಲ. ಗುದದ್ವಾರದೊಳಗೆ ಕೈ ಹಾಕಿ, ಒಳಪೊರೆಯನ್ನು ಉಗುರಿನಿಂದ ಕೆರೆದು ಸ್ಲೈಡಿಗೆ ಹಚ್ಚಿದೆ. ಕೆಂಪು ಬಣ್ಣ ಸುರಿದು ಕೆಳಗಿನಿಂದ ಕಾಯಿಸಿ, ಆಮ್ಲದಲ್ಲಿ ತೊಳೆದು, ನೀಲಿ ಹಚ್ಚಿ ನೋಡಿದೆ. ಆಮ್ಲಕ್ಕೂ ಬಿಡದ ಕೆಂಪು ಕಡ್ಡಿಗಳು ಗುಂಪುಗುಂಪಾಗಿ ಕಾಣಬೇಕು. ಬರೀ ನೀಲಿ. ಕುತ್ತಿಗೆಯ ಕೂದಲು ಬೋಳಿಸಿ ಚರ್ಮದೊಳಗೆ ಚುಚ್ಚುವ ಪರೀಕ್ಷೆ ಮಾಡಿದೆ. ಮೂರನೆಯ ದಿನ ಅಳತೆಗೋಲು ಹಿಡಿದು ನೋಡಿದರೆ ಚರ್ಮ ಎಳ್ಳಷ್ಟೂ ದಪ್ಪವಾಗಿರಲಿಲ್ಲ. "ಅದಲ್ಲ ಬಿಡಿ ಅಕ್ಕಾ" ಎಂದೆ. ರೋಗ ಮುಗಿಯುವ ಹಂತದಲ್ಲಿ ಮೈ ಪ್ರತಿಕ್ರಿಯೆ ಕೊಡುವುದನ್ನೇ ನಿಲ್ಲಿಸಿಬಿಡುತ್ತದೆ ಎಂದು ಕಾಲೇಜಿನಲ್ಲಿ ಓದಿದ್ದೆ. ಓದಿದ್ದು ಅವತ್ತು ನೆನಪಿಗೆ ಬರಲಿಲ್ಲ.

ವಾರದೊಳಗೆ ಹಸು ಸತ್ತಿತು. ಹೊಲದ ಬದುವಿನಲ್ಲಿ ಗುಂಡಿ ತೋಡಿಸಿ, ಮುಚ್ಚುವ ಮೊದಲು ಹೊಟ್ಟೆ ಕೊಯ್ದೆ. ಸಣ್ಣ ಕರುಳಿನ ಕೊನೆಯ ಭಾಗ ತೋಟದ ಪೈಪಿನ ಹಾಗೆ ಗಟ್ಟಿಯಾಗಿ ಕೈಗೆ ಸಿಕ್ಕಿತು. ಸೀಳಿ ಬಿಡಿಸಿದರೆ ಒಳಮೈ ಹಿಂಡಿ ಬಿಟ್ಟ ಒದ್ದೆ ಗೋಣಿಯಂತೆ ಮಡಿಕೆ ಮಡಿಕೆ. ಎರಡು ಕೈಯಲ್ಲಿ ಎಳೆದರೂ ಮಡಿಕೆ ಬಿಡಲಿಲ್ಲ. ಆ ಮಡಿಕೆಯಿಂದ ಮಾಡಿದ ಸ್ಲೈಡಿನ ತುಂಬ ಕೆಂಪು ಕಡ್ಡಿಗಳು, ಕಟ್ಟುಕಟ್ಟಾಗಿ.

ಅವಳಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ: "ಉಳಿದ ನಾಲ್ಕು?"

ನಾಲ್ಕರ ರಕ್ತವನ್ನೂ ತೆಗೆದು, ಐಸ್ ಡಬ್ಬಿಯಲ್ಲಿಟ್ಟು ಕೋಲಾರದ ಪ್ರಯೋಗಾಲಯಕ್ಕೆ ಕೊಂಡೊಯ್ದೆ. ಮೂರು ಚೊಕ್ಕ. ಒಂದರಲ್ಲಿ ರೋಗದ ಗುರುತು ಇತ್ತು: ಸತ್ತದ್ದರ ಜೊತೆ ಒಂದೇ ತಿಂಗಳಲ್ಲಿ ಹುಟ್ಟಿದ ಕರಿ ಹಸು. ಮೈ ಮಿರಮಿರ ಮಿಂಚುತ್ತಿತ್ತು, ಭೇದಿಯ ಸುಳಿವೇ ಇಲ್ಲ. ತುಂಬು ಗಬ್ಬ, ಕರು ಹಾಕಲು ಒಂದು ತಿಂಗಳೂ ಉಳಿದಿರಲಿಲ್ಲ. ಅಷ್ಟರಲ್ಲಿ ಅದೇ ಊರಿನ ಇನ್ನೂ ಮೂರು ಮನೆಗಳಿಂದ ಕರೆ ಬಂದಿತ್ತು. ಅದೇ ಹಸಿರು ನೀರು, ಅದೇ ಹಸಿವು.

ಎಲ್ಲಿಂದ ಬಂತು? ಊರವರ ಬಳಿ ಉತ್ತರ ಸಿದ್ಧವಿತ್ತು: ಕುರಿ. ಹೊಲಕ್ಕೆ ಗೊಬ್ಬರವಾಗಲೆಂದು ನಮ್ಮಲ್ಲಿ ಕುರಿ ಮಂದೆ ಕಟ್ಟಿಸುತ್ತಾರೆ. ಆಂಧ್ರದ ಗಡಿಯಿಂದ ಬಂದ ಮಂದೆಯೊಂದು ಆ ನಾಲ್ಕೂ ಮನೆಯವರ ಹೊಲಗಳಲ್ಲಿ ತಂಗಿತ್ತು. ನನಗೂ ಆ ಉತ್ತರ ಹಿತವಾಗಿತ್ತು. ಮಂದೆಯನ್ನು ಹುಡುಕಿಕೊಂಡು ಶ್ರೀನಿವಾಸಪುರದವರೆಗೆ ಹೋದೆ. ಒಂದು ಮಾವಿನ ತೋಪಿನಲ್ಲಿ ಸಿಕ್ಕಿತು. ನಾನು ಹಿಕ್ಕೆ ಆರಿಸಿ ಡಬ್ಬಿಗೆ ತುಂಬುವುದನ್ನು ಮಂದೆಯ ಮುದುಕ ಕಂಬಳಿ ಹೊದ್ದು ಕೂತು ನೋಡಿದ. ವಿಷಯ ಕೇಳಿದ.

"ಆ ಕಾಯ್ಲೆ ಒಳಗೋಗಿ ಎಷ್ಟು ದಿನಕ್ಕೆ ತೋರಿಸ್ತದೆ ಸಾಮಿ?"

"ವರ್ಷಗಟ್ಟಲೆ. ಕರುವಾಗಿದ್ದಾಗ ಹೋದದ್ದು ದೊಡ್ಡದಾದ ಮೇಲೆ."

"ನಿಮ್ಮೂರಿಗೆ ನಾನು ಮೊದಲ್ನೇ ಸಲ ಬಂದಿದ್ದು ಹೋದ್ ವರ್ಷ ರಾಗಿ ಕುಯ್ದ ಮೇಲೆ," ಎಂದ ಮುದುಕ. "ಹಂಗಾದ್ರೆ ನನ್ ಕುರಿ ಹಿಕ್ಕೆ ಹಾಕೋ ಮೊದ್ಲೇ ನಿಮ್ ಹಸು ತಿಂದಿರ್ಬೇಕು. ಓದಿದೋರು, ಲೆಕ್ಕ ಹಾಕಿ."

ನಾನು ಮೊದಲು ಕೇಳಬೇಕಿದ್ದ ಪ್ರಶ್ನೆಯನ್ನು ಅವನು ಕೇಳಿದ್ದ. ರೋಗ ಕಂಡ ನಾಲ್ಕು ಮನೆಯ ಐದೂ ಹಸುಗಳಿಗೆ ನಾಲ್ಕು ವರ್ಷ. ನಾಲ್ಕು ವರ್ಷದ ಹಿಂದೆ, ಒಂದೇ ಮಳೆಗಾಲದಲ್ಲಿ, ಬೇರೆ ಬೇರೆ ತಾಯಂದಿರಿಗೆ ಹುಟ್ಟಿದ ಕರುಗಳು. ನಾಲ್ಕು ಕೊಟ್ಟಿಗೆಯ ಕರುಗಳು ಒಟ್ಟಿಗೆ ಏನು ಕುಡಿದವು?

ಶ್ರೀನಿವಾಸಪುರದಿಂದ ಹಿಂದಿರುಗುವಾಗ ದಾರಿಯಲ್ಲೇ ಗೊತ್ತಾಯಿತು. ಗೊತ್ತಾದದ್ದನ್ನು ಮನೆ ಸೇರುವವರೆಗೂ ಒಪ್ಪಿಕೊಳ್ಳಲಿಲ್ಲ.

ಆ ಊರಿನಲ್ಲಿ ಹಸು ಕರು ಹಾಕಿದರೆ ಮಾಸು ಬೀಳುವವರೆಗೆ ಕರುವಿಗೆ ಮೊಲೆ ಕೊಡುತ್ತಿರಲಿಲ್ಲ. ಮೊದಲ ಗಿಣ್ಣುಹಾಲು ಎಳೆಕರುವಿಗೆ ಭಾರ, ಭೇದಿಯಾಗುತ್ತದೆ ಎಂಬ ನಂಬಿಕೆ. ಅದನ್ನು ಕರೆದು ಚೊಂಬುಗಳಲ್ಲಿ ಹಾಕಿ ನೆರೆಮನೆಗಳಿಗೆ ಹಂಚುತ್ತಿದ್ದರು. ಬೆಲ್ಲ ಏಲಕ್ಕಿ ಹಾಕಿ ಗಿಣ್ಣು ಮಾಡಿಕೊಂಡು ತಿನ್ನಲು. ಕರುಗಳು ಸಾಯುತ್ತಿದ್ದವು. ನಾನು ಹೊಸದಾಗಿ ಬಂದಾಗ ಇದರ ಮೇಲೆ ಯುದ್ಧವನ್ನೇ ಹೂಡಿದೆ. ಹುಟ್ಟಿದ ಎರಡು ಗಂಟೆಯೊಳಗೆ ಗಿಣ್ಣುಹಾಲು ಕರುವಿನ ಹೊಟ್ಟೆಗೆ ಹೋಗಲೇಬೇಕು ಎಂದು ಮನೆಮನೆಗೆ ಹೇಳಿದೆ. ಅಷ್ಟಕ್ಕೆ ಬಿಡಲಿಲ್ಲ. ಹಂಚುವ ಪದ್ಧತಿ ಹೇಗೂ ಇದೆಯಲ್ಲ, ಅದನ್ನೇ ಒಳ್ಳೆಯದಕ್ಕೆ ತಿರುಗಿಸಬಾರದೇಕೆ ಎಂದುಕೊಂಡೆ. ಹಾಲು ಹೆಚ್ಚಿರುವ ಹಸುವಿನ ಗಿಣ್ಣುಹಾಲನ್ನು ಡೈರಿಯ ಫ್ರಿಜ್ಜಿನ ಫ್ರೀಜರಿನಲ್ಲಿ ಬಾಟಲಿಗಳಲ್ಲಿ ಇಡುವುದು, ತಾಯಿಗೆ ಹಾಲು ಸಾಲದ ಕರುಗಳಿಗೆಲ್ಲ ಅದನ್ನು ಕುಡಿಸುವುದು. ಆ ವರ್ಷ ಊರಿನಲ್ಲಿ ಕರು ಸಾಯುವುದು ನಿಂತಿತು. ಒಂದು ಸಭೆಯಲ್ಲಿ ನನಗೆ ಶಾಲು ಹೊದಿಸಿದರು. ಅದು ಚೆನ್ನಾಗಿ ನೆನಪಿದೆ.

ಡೈರಿಯ ಕಾರ್ಯದರ್ಶಿ ಹಳೆಯ ನೋಟ್‌ಬುಕ್ ಹುಡುಕಿ ಕೊಟ್ಟ. ಯಾವ ಹಸುವಿನ ಬಾಟಲಿ, ಯಾವ ಮನೆಯ ಕರುವಿಗೆ, ಎಲ್ಲವೂ ಇತ್ತು. ಆ ಮಳೆಗಾಲದ ಬಾಟಲಿಗಳೆಲ್ಲ ಒಂದೇ ಹಸುವಿನವು: ಕಾರ್ಯದರ್ಶಿಯದೇ ನಾಮದ ಹಸು. ಹಣೆಯ ಮೇಲೆ ಉದ್ದಕ್ಕೆ ಬಿಳಿ ಪಟ್ಟೆ, ಊರಿಗೇ ಹೆಚ್ಚು ಹಾಲು. ಕುಡಿದ ಕರುಗಳ ಪಟ್ಟಿಯಲ್ಲಿ ನಮ್ಮ ಐದೂ ಇದ್ದವು.

"ನಾಮದ ಹಸು ಏನಾಯ್ತು?" ಎಂದೆ.

"ಮಾರನೇ ವರ್ಷ ಯಾಕೋ ಮೈ ಇಳಿದೋಯ್ತು ಸಾರ್. ಮಾಲೂರು ಕಡೆಯೋರಿಗೆ ಕೊಟ್ವಿ."

ಕಿವಿಯೋಲೆಯ ನಂಬರು ಹಿಡಿದು, ಮಾಲೂರಿನ ಲಕ್ಕೂರು ಕಡೆ ಕೆಲಸ ಮಾಡುವ ನನ್ನ ಸಹಪಾಠಿಗೆ ಫೋನ್ ಮಾಡಿದೆ. ಎರಡು ದಿನ ಬಿಟ್ಟು ಅವನು ಹೇಳಿದ: ಹಸು ಹೋದ ವರ್ಷವೇ ಒಣಗಿ ಸತ್ತಿದೆ, ಈಗ ಆ ಮನೆಯಲ್ಲಿ ಇನ್ನೊಂದಕ್ಕೆ ಭೇದಿ.

ಆದರೂ ನನಗೊಂದು ಆಸರೆಯಿತ್ತು. ಬಾಟಲಿಯನ್ನು ಅರವತ್ತು ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟು ಆಮೇಲೆ ಕುಡಿಸಿ ಎಂದು ನಾನು ಹೇಳಿದ್ದೆ. ಅಷ್ಟು ಬಿಸಿಗೆ ಸೂಕ್ಷ್ಮಾಣು ಬಹಳಮಟ್ಟಿಗೆ ಸಾಯುತ್ತದೆ. ಹೇಳಿದ್ದು ಸ್ಪಷ್ಟವಾಗಿ ನೆನಪಿತ್ತು: ಡೈರಿಯ ಮೆಟ್ಟಿಲು, ಬೆಳಗಿನ ಬಿಸಿಲು, ನನ್ನ ಕೈಯಲ್ಲಿ ಥರ್ಮಾಮೀಟರು. ಅವರೇ ಮಾಡಿರಲಿಕ್ಕಿಲ್ಲ.

"ಕಾಯಿಸ್ಬೇಡಿ ಅಂದಿದ್ರಿ ನೀವು," ಎಂದ ಕಾರ್ಯದರ್ಶಿ.

"ಇಲ್ಲ, ಹಾಗೆ ಹೇಳೋಕೆ ಸಾಧ್ಯವೇ ಇಲ್ಲ."

ಅವನು ಫ್ರಿಜ್ಜನ್ನು ಗೋಡೆಯಿಂದ ಸ್ವಲ್ಪ ಎಳೆದ. ಅದರ ಹಿಂದೆ, ಧೂಳು ಹಿಡಿದ ರಟ್ಟಿನ ಮೇಲೆ, ನನ್ನದೇ ಅಕ್ಷರ: 'ಗಿಣ್ಣುಹಾಲನ್ನು ಕಾಯಿಸಬಾರದು. ಕಾಯಿಸಿದರೆ ಗಟ್ಟಿಯಾಗಿ ಶಕ್ತಿ ಹಾಳಾಗುತ್ತದೆ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಕುಡಿಸಿ.' ಕೆಳಗೆ ನನ್ನ ಸಹಿ.

ಅರವತ್ತು ಡಿಗ್ರಿಯ ವಿಷಯ ನಾನು ಆಮೇಲೆ ಎಲ್ಲೋ ಓದಿರಬೇಕು. ಓದಿದ್ದನ್ನು ತಂದು, ಮೆಟ್ಟಿಲಿನ ಬಿಸಿಲಿನಲ್ಲಿ ನಿಲ್ಲಿಸಿ, ಕೈಗೆ ಥರ್ಮಾಮೀಟರು ಕೊಟ್ಟದ್ದು ನನ್ನ ತಲೆಯೇ. ಆಸ್ಪತ್ರೆಗೆ ಹೋಗಿ ಆ ವರ್ಷದ ವಹಿ ತೆಗೆದೆ. ಬಾಟಲಿ ಶುರುವಾಗುವ ಎರಡು ತಿಂಗಳ ಹಿಂದಿನ ಪುಟದಲ್ಲಿ ಇತ್ತು: ಕಾರ್ಯದರ್ಶಿಯ ಹಸು, ಹಣೆಯಲ್ಲಿ ಬಿಳಿ ಪಟ್ಟೆ, ಭೇದಿ, ಜ್ವರವಿಲ್ಲ. ಸಲ್ಫಾ. ಮೂರು ದಿನಕ್ಕೆ ಗುಣ. ನಾಮದ ಹಸುವಿಗೆ ಎಂದೂ ಔಷಧಿ ಕೊಟ್ಟ ನೆನಪು ನನಗೆ ಇವತ್ತಿಗೂ ಇಲ್ಲ. ಅಕ್ಷರ ಮಾತ್ರ ನನ್ನದು.

ಮುಂದೆ ಮಾಡುವುದೇನು? ಪುಸ್ತಕದ ಪ್ರಕಾರ, ರೋಗವಿರುವ ಹಸುವನ್ನು ಗುರುತಿಸಿ ಹಿಂಡಿನಿಂದ ತೆಗೆದುಹಾಕಬೇಕು. ನಮ್ಮಲ್ಲಿ ತೆಗೆದುಹಾಕುವುದೆಂದರೆ ಸಂತೆಗೆ ಹೊಡೆಯುವುದು. ಅಂದರೆ ರೋಗವನ್ನು ಇನ್ನೊಬ್ಬರ ಕೊಟ್ಟಿಗೆಗೆ ದಾಟಿಸುವುದು. ಇಟ್ಟುಕೊಂಡರೆ ಸಗಣಿಯ ಜೊತೆ ರೋಗ ಹರಡುತ್ತಲೇ ಇರುತ್ತದೆ. ಅವಳ ಕೊಟ್ಟಿಗೆ ತೊಳೆದ ನೀರು ಮೋರಿಯಲ್ಲಿ ಹರಿದು ನೇರ ಸೀಮೆಹುಲ್ಲಿನ ಪಾತಿಗೆ ಹೋಗುತ್ತಿತ್ತು. ಆ ಹುಲ್ಲನ್ನೇ ಕೊಯ್ದು ಕರುಗಳಿಗೆ ಹಾಕುತ್ತಿದ್ದಳು. ಆ ಊರಿನಲ್ಲಿ ಎಲ್ಲರೂ ಹಾಗೆಯೇ. ಹಲವು ದಿನ ನಾನು ಏನೂ ಮಾಡಲಿಲ್ಲ. ಉಳಿದ ಮೂರು ಮನೆಗಳಲ್ಲಿ ಎರಡು ಹಸುಗಳು ನನ್ನ ಕಣ್ಣೆದುರೇ ಹೋದವು. ನಾನು ಗ್ಲೂಕೋಸ್ ಏರಿಸುತ್ತಿದ್ದೆ. ಏನೋ ಮಾಡುತ್ತಿದ್ದಾರೆ ಎಂದು ಅವರಿಗೆ ಅನ್ನಿಸಲಿ ಎಂದು.

ಒಂದು ಭಾನುವಾರ ಬೆಳಿಗ್ಗೆ ಅವಳ ಮನೆಗೆ ಹೋದಾಗ ಅಂಗಳದಲ್ಲಿ ದಲ್ಲಾಳಿ ಕೂತಿದ್ದ. ಕರಿ ಹಸುವಿನ ಕೆಚ್ಚಲನ್ನು ಕಣ್ಣಲ್ಲೇ ತೂಗುತ್ತಿದ್ದ.

"ಏಮಿ ಸಾರ್, ಬಾಗುನ್ನಾರಾ?" ಎಂದ. "ನೀವೇ ಹೇಳಿ ಈ ಯಮ್ಮನಿಗೆ. ತುಂಬು ಗಬ್ಬದಲ್ಲಿ ಕೊಟ್ರೆ ಕಣ್ಮುಚ್ಚಿ ತಗೊಂಡೋಗ್ತಾರೆ. ಈದ ಮೇಲೆ ನೂರು ಪ್ರಶ್ನೆ ಕೇಳ್ತಾರೆ."

ಗಂಡನೂ ಮನೆಯಲ್ಲಿದ್ದ. "ಕೊಟ್ಬಿಡೋಣ ಕಣೇ," ಎಂದ. "ಇಟ್ಕೊಂಡು ಅದೂ ಗುಂಡಿಗೆ ಹೋದ್ರೆ?"

ಅವಳು ನನ್ನ ಕಡೆ ತಿರುಗಿದಳು. "ಕೊಡ್ಲಾ ಸಾರ್?"

ಕೊಡಬೇಡಿ ಎನ್ನಲು ನನಗೆ ಬಾಯಿರಲಿಲ್ಲ. ಮೊದಲು ಬೇರೆಯದನ್ನು ಹೇಳಬೇಕಿತ್ತು. ಹೇಳಿದೆ, ನಿಂತಲ್ಲೇ: ಬಾಟಲಿ, ನಾಮದ ಹಸು, ಫ್ರಿಜ್ಜಿನ ಹಿಂದಿನ ರಟ್ಟು. ರೋಗ ತಂದು ಕುಡಿಸಿದ್ದು ನಾನು. ಹೊಟ್ಟೆಯಲ್ಲಿರುವ ಕರುವಿಗೆ ಆಗಲೇ ತಗುಲಿದ್ದರೂ ತಗುಲಿರಬಹುದು. ತಗುಲದಿದ್ದರೆ ಉಳಿಸಲು ಒಂದೇ ದಾರಿ. ಹುಟ್ಟಿದ ಕೂಡಲೇ, ತಾಯಿ ನೆಕ್ಕುವ ಮೊದಲು, ಮೊಲೆಗೆ ಬಾಯಿ ಹಾಕುವ ಮೊದಲು, ಎತ್ತಿಕೊಂಡು ದೂರ ಒಯ್ಯಬೇಕು. ತಾಯಿಯ ಗಿಣ್ಣುಹಾಲು ಒಂದು ಹನಿಯೂ ಕೊಡಬಾರದು.

ಅವಳು ನಕ್ಕಳು. ನಗುವಿನಲ್ಲಿ ಖುಷಿ ಇರಲಿಲ್ಲ.

"ನಮ್ಮತ್ತೆ ಮೊಲೆ ಕೊಡಬೇಡ ಅಂದಾಗ, ನೀವು ಬಂದು ನಮ್ಮತ್ತೇನ ಎಲ್ರ ಮುಂದೆ ಬಯ್ದಿದ್ರಿ. ಕುಡಿಸಿ ಕುಡಿಸಿ ಅಂದ್ರಿ. ಈಗ ನೀವೇ ಬೇಡ ಅಂತೀರ. ಇನ್ನು ನಾಲ್ಕು ವರ್ಷ ಬಿಟ್ಟು ಏನಂತೀರ ಸಾರ್?"

"ಗೊತ್ತಿಲ್ಲ," ಎಂದೆ. ಆ ಮಾತನ್ನು ಅವಳಿಗೆ ಹೇಳಿದ್ದು ಅದೇ ಮೊದಲು.

ದಲ್ಲಾಳಿ ಎದ್ದು ಪಂಚೆ ಕೊಡವಿದ. "ಡಾಕ್ಟ್ರು ಪೂಜಾರಿ ತರ ಮಾತಾಡ್ತಾರೆ. ನಾನು ನಾಳೆ ಗಾಡಿ ತರ್ತೀನಿ."

ಅವಳು ಕೊಟ್ಟಿಗೆಯ ಮೋರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಆಮೇಲೆ ಕೇಳಿದಳು: "ಗಂಟುರೋಗದ ತರಾನಾ ಸಾರ್?" ದನದ ಚರ್ಮಕ್ಕೆ ಬರುವುದಲ್ಲ; ಅವಳು ಹೇಳಿದ್ದು ರೇಷ್ಮೆ ಹುಳುವಿನದು. "ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರ್ತದಲ್ಲ? ಔಷಧಿ ಇಲ್ಲ. ಚಿಟ್ಟೆನ ಅರೆದು ನೋಡಿ, ರೋಗ ಇದ್ರೆ ಮೊಟ್ಟೆ ಸುಟ್ಟಾಕ್ತಾರೆ."

"ಅದೇ ಜಾತಿ ಅನ್ನಿ."

"ಮತ್ತೆ ಅದನ್ನ ಮೊದ್ಲೇ ಹೇಳೋಕೇನಾಗಿತ್ತು?" ಎದ್ದು ನಿಂತಳು. "ಹುಳುಮನೆ ಖಾಲಿ ಇದೆ. ಬೆಳೆ ಇಳಿಸಿ ಬ್ಲೀಚಿಂಗ್ ಹಾಕಿ ತೊಳೆದು ಸುಣ್ಣ ಹೊಡೆದಿದೀನಿ. ಅಲ್ಲಿಗೆ ಕಾಲು ತೊಳೀದೆ ನಮ್ಮೆಜಮಾನ್ರೂ ಬರಂಗಿಲ್ಲ, ಸಗಣಿ ಹನಿ ಬೀಳಂಗಿಲ್ಲ. ಕರು ಅಲ್ಲೇ ಇರ್ಲಿ. ಈ ಸಲ ಮೊಟ್ಟೆ ತರಲ್ಲ."

"ಒಂದು ಬೆಳೆ ಬಿಡ್ತೀಯಾ?" ಎಂದ ಗಂಡ.

"ಒಂದು ಹಸು ಹೋಯ್ತಲ್ಲ, ಅದನ್ನೇನು ಬೇಕಂತ ಬಿಟ್ವಾ?"

ನಾನು ಓದಿದ ಅಷ್ಟೂ ಪುಸ್ತಕಗಳಲ್ಲಿ ಹುಳುಮನೆ ಇರಲಿಲ್ಲ. ಹುಳು ಸಾಕುವವರಿಗೆ ಕಾಯಿಲೆಯ ಶಿಸ್ತು ಮೊದಲೇ ಗೊತ್ತು. ನಾನು ಹೊಸದಾಗಿ ಕಲಿಸಬೇಕಾದದ್ದು ಏನೂ ಇರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಡೈರಿಯಲ್ಲಿ ಹಾಲು ಅಳೆಯುವ ಹೊತ್ತಿಗೆ, ಎಲ್ಲರೂ ಕ್ಯಾನು ಹಿಡಿದು ನಿಂತಿದ್ದಾಗ, ಹಿಂದಿನ ದಿನ ಅಂಗಳದಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದೆ. ಹಸು ಕಳೆದುಕೊಂಡ ಒಬ್ಬ ಆಡಬಾರದ ಮಾತು ಆಡಿದ. ಕೇಳಿಸಿಕೊಂಡೆ. ರೋಗ ಪತ್ತೆಯಾದ ಹಸುವನ್ನು ಮಾರುವಂತಿಲ್ಲ, ಅದರ ಸಗಣಿ ಬೇರೆ ಗುಂಡಿಗೆ, ಅದರ ಗಿಣ್ಣುಹಾಲು ಯಾರ ಮನೆಗೂ ಇಲ್ಲ, ಕೊಟ್ಟಿಗೆಯ ಮೋರಿ ಕರುವಿನ ಹುಲ್ಲಿಗೆ ಹರಿಯುವಂತಿಲ್ಲ ಎಂದು ಹೊಸ ರಟ್ಟಿನ ಮೇಲೆ ಬರೆದೆ. ಅವಳು ಮುಂದೆ ಬಂದು, "ಕೆಳಗೆ ಸಹಿ ಹಾಕಿ, ತಾರೀಕೂ ಹಾಕಿ," ಎಂದಳು. "ಫ್ರಿಜ್ಜಿನ ಮುಂದೆ ಹಾಕಣ್ಣಾ, ಹಿಂದೆ ಬೇಡ," ಎಂದು ಕಾರ್ಯದರ್ಶಿಗೆ ಹೇಳಿದಳು. ದಲ್ಲಾಳಿಯ ಗಾಡಿ ಖಾಲಿ ಹೋಯಿತು.

ಕರಿ ಹಸು ಈದದ್ದು ಮಟಮಟ ಮಧ್ಯಾಹ್ನ. ಹಿಂಭಾಗ, ಕೆಚ್ಚಲು, ಎಲ್ಲವನ್ನೂ ಮೊದಲೇ ತೊಳೆದಿದ್ದೆವು. ಕರು ಜಾರಿದ್ದು ನಾನು ಹಿಡಿದ ಹೊಸ ಗೋಣಿಯ ಮೇಲೆ, ನೆಲ ಮುಟ್ಟಲಿಲ್ಲ. ಹೆಣ್ಣು. ಮೂಗಿನ ಲೋಳೆ ತೆಗೆದು ನಾನು ಹೊರಗಿನವರೆಗೆ ತಂದೆ. ಅಲ್ಲಿ ಮಿಂದು ಒಗೆದ ಸೀರೆಯುಟ್ಟು ನಿಂತಿದ್ದ ಅವಳು ಗೋಣಿಯ ಸಮೇತ ಎತ್ತಿಕೊಂಡು ಹಿಪ್ಪುನೇರಳೆಯ ಸಾಲುಗಳ ನಡುವೆ ಓಡಿದಳು. ಹಸು ಹಿಂದೆ ತಿರುಗಿತು. ನೆಕ್ಕಲು ನಾಲಿಗೆ ಚಾಚಿ ಬರೀ ನೆಲ ಮೂಸಿತು. ಆಮೇಲೆ ಕೂಗಿತು. ಇಷ್ಟು ವರ್ಷ ನಾನು ಹಸುಗಳ ಕೂಗು ಕೇಳಿದ್ದೇನೆ. ಅದರ ಕಾರಣ ನಾನೇ ಆಗಿದ್ದು ಕಮ್ಮಿ.

ಎರಡು ಸಲ ಪರೀಕ್ಷೆಯಲ್ಲಿ ಚೊಕ್ಕ ಎಂದು ಬಂದ, ಹತ್ತು ದಿನದ ಹಿಂದೆ ಈದ ಬೇರೊಂದು ಮನೆಯ ಹಸುವಿನ ಗಿಣ್ಣುಹಾಲು ಫ್ರೀಜರಿನಲ್ಲಿತ್ತು. ಬೆಳಿಗ್ಗೆಯಿಂದ ಹಸುವಿಗೆ ನೋವು ಕಂಡಿದ್ದರಿಂದ ಅದನ್ನು ಆಗಲೇ ಕರಗಿಸಿ, ಅರವತ್ತು ಡಿಗ್ರಿ ನೀರಿನಲ್ಲಿ ಒಂದು ಗಂಟೆ ಇಟ್ಟು, ಆರಿಸಿ ಇಟ್ಟಿದ್ದೆ. ಈ ಸಲ ಥರ್ಮಾಮೀಟರು ನಿಜವಾಗಿಯೂ ನನ್ನ ಕೈಯಲ್ಲಿತ್ತು. ಕಾಲು ಗಂಟೆಗೊಮ್ಮೆ ಬರೆದ ಅಂಕಿಗಳು ಈಗಲೂ ಪುಸ್ತಕದಲ್ಲಿವೆ. ಕರಿ ಹಸುವಿನ ಗಿಣ್ಣುಹಾಲನ್ನು ಕರೆದು ಸುಣ್ಣದ ಗುಂಡಿಗೆ ಸುರಿದೆವು. ಚೊಂಬು ಹಿಡಿದು ಬಂದಿದ್ದ ಇಬ್ಬರು ನೆರೆಯ ಹೆಂಗಸರು ಗುಂಡಿಯನ್ನೇ ನೋಡುತ್ತ ನಿಂತಿದ್ದು, ಖಾಲಿ ಚೊಂಬಿನೊಂದಿಗೆ ಹಿಂದಿರುಗಿದರು.

ಕರು ಕುಡಿಯುತ್ತದೋ ಇಲ್ಲವೋ ನೋಡಬೇಕು ಎಂದು ಬಾಟಲಿ ತೆಗೆದುಕೊಂಡು ನಾನೇ ಹುಳುಮನೆಗೆ ಹೋದೆ. ಬಾಗಿಲಲ್ಲಿ ಸುಣ್ಣದ ಪುಡಿ ಹರಡಿತ್ತು, ಪಕ್ಕದಲ್ಲಿ ಬ್ಲೀಚಿಂಗ್ ನೀರಿನ ತಟ್ಟೆ. ಬೂಟು ಅದ್ದಲು ಕಾಲೆತ್ತಿದೆ. ಅವಳು ಬಾಟಲಿ ಈಸಿಕೊಂಡು ಕೈ ಅಡ್ಡ ಹಿಡಿದಳು.

"ನೀವು ಬರಂಗಿಲ್ಲ."

"ಕಾಲು ಅದ್ದಿಕೊಂಡೇ ಬರ್ತೀನಿ ಅಕ್ಕಾ."

"ಕಾಲೊಂದೇ ಅಲ್ಲ ಸಾರ್. ಕರಿ ಹಸು ಮುಟ್ಟಿದೀರ, ಬೆಳಿಗ್ಗೆಯಿಂದ ಎಷ್ಟು ಮನೆ ಕೊಟ್ಟಿಗೆ ಹೊಕ್ಕಿದೀರೋ. ನಮ್ಮೂರಲ್ಲಿ ಎಲ್ಲಾ ಮನೆ ಸಗಣಿ ತುಳಿಯೋರು ನೀವೊಬ್ರೇ."

ಅವಳು ಹೇಳಿದ್ದು ಸರಿ. ನಾನೇ ಹೇಳಿಕೊಡಬೇಕಿದ್ದ ಮಾತು. ಹಿಂದಕ್ಕೆ ಸರಿದು ಕಿಟಕಿಯ ಬಳಿ ನಿಂತೆ. ನೊಣ ಬರದಂತೆ ಹೊಡೆದ ನೈಲಾನ್ ಬಲೆ. ಒಳಗೆ, ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ಒರಗಿಸಿಟ್ಟ ಗೋಡೆಯ ಪಕ್ಕ, ಅವಳು ನೆಲದ ಮೇಲೆ ಕೂತು ಕರುವಿನ ತಲೆಯನ್ನು ತೊಡೆಗೆ ಆನಿಸಿಕೊಂಡಿದ್ದಳು. ಎರಡು ಸಲ ರಬ್ಬರನ್ನು ಉಗುಳಿದ ಕರು ಮೂರನೆಯ ಸಲ ಹಿಡಿಯಿತು. ಬಾಟಲಿಯಲ್ಲಿ ಗುಳ್ಳೆ ಏಳತೊಡಗಿತು. ದೂರದ ಕೊಟ್ಟಿಗೆಯಿಂದ ತಾಯಿ ಕೂಗಿದಾಗ ಕರು ಕಿವಿ ನಿಮಿರಿಸಿತು, ಆದರೆ ಚೀಪುವುದನ್ನು ನಿಲ್ಲಿಸಲಿಲ್ಲ.

ಅದಕ್ಕೆ ರೋಗ ತಗುಲಿದೆಯೋ ಇಲ್ಲವೋ ತಿಳಿಯಲು ವರ್ಷಗಳು ಬೇಕು. ಅಷ್ಟರಲ್ಲಿ ಈ ಮಧ್ಯಾಹ್ನವನ್ನು ನನ್ನ ತಲೆ ಏನೇನು ಮಾಡಿಟ್ಟುಕೊಳ್ಳುತ್ತದೋ. ನಾನು ಒಳಗೆ ಹೋಗಿದ್ದೆ, ಬಾಟಲಿ ಹಿಡಿದದ್ದು ನಾನೇ ಎಂದೂ ಅದು ಹೇಳಬಹುದು. ಜೇಬಿನಿಂದ ಪುಸ್ತಕ ತೆಗೆದು, ಬಲೆಯ ಈಚೆ ನಿಂತು, ಕಂಡಷ್ಟನ್ನೇ ಬರೆದುಕೊಂಡೆ: ಹೆಣ್ಣು ಕರು. ಹುಟ್ಟಿ ಐವತ್ತು ನಿಮಿಷ. ಎರಡು ಲೀಟರ್ ಕುಡಿಯಿತು. ಕುಡಿಸಿದ್ದು ಮನೆಯಾಕೆ. ನಾನು ಹೊರಗಿದ್ದೆ.